ಬಲತೋಳಿನ ಹಸಿರು ಗಂಟು

ರಹಿಮತ್ಬಿಯ ಮನೆಗೆ ಬಂದ ದಿನ ಸಕೀನಾ ಮೊದಲು ನೋಡಿಕೊಂಡದ್ದು ಹಿತ್ತಿಲ ಬಾಗಿಲಿನ ಚಿಲಕವನ್ನು. ಅದು ಕೈಗೆ ಎಟಕುತ್ತದೆಂದು ಖಾತ್ರಿಯಾದ ಮೇಲೆಯೇ ಅವಳು ಅನ್ನದ ಮುಂದೆ ಕೂತದ್ದು. ಹದಿನಾಲ್ಕು ತುಂಬಿದ ಹುಡುಗಿ. ಕೂತರೆ ಮೊಣಕಾಲು ಅಲ್ಲಾಡುತ್ತಿತ್ತು, ನಿಂತರೆ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಒಂದು ಕೊಡ ನೀರು ತರಲು ಹೇಳಿದರೆ ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಬೀದಿಯ ತುದಿಯವರೆಗೆ ನಡೆದು ಇಣುಕಿ ಬರುತ್ತಿದ್ದಳು. "ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ" ಎಂದು ನೆರೆಯವರು ನಕ್ಕರು. ನಗುವವರಿಗೇನು ಕಷ್ಟ! ಹುಟ್ಟಿದ ಮನೆಯಲ್ಲೇ ಹಲ್ಲು ಬಂದು, ಅದೇ ಮನೆಯಲ್ಲೇ ಹಲ್ಲು ಬಿದ್ದವರು ಅವರು. ಸಕೀನಾಳಿಗೆ ಇದು ನಾಲ್ಕನೆಯ ಮನೆ.

ಅವಳಪ್ಪ ಯಲ್ಲಾಪುರದ ಕಾಡಿನಿಂದ ಸಾಗವಾನಿ ದಿಮ್ಮಿ ಹೇರಿ ತರುವ ಗಾಡಿಯವನು. ಒಂದು ವರ್ಷ ಮಳೆ ನಿಂತ ಮೇಲೆ ಬಂದ ಚಳಿಜ್ವರ ಅಪ್ಪನನ್ನೂ ತಾಯಿಯನ್ನೂ ಒಟ್ಟಿಗೇ ಎತ್ತಿಕೊಂಡು ಹೋಯಿತು. ಆಮೇಲೆ ದೊಡ್ಡಪ್ಪನ ಮನೆ, ಅಲ್ಲಿಂದ ಮುಂಡಗೋಡಿನ ಅತ್ತೆಯ ಮನೆ, ಅಲ್ಲಿಂದ ಬನವಾಸಿಯ ದೂರದ ನೆಂಟರ ಮನೆ. ಎಲ್ಲಿಯೂ ಅವಳನ್ನು ಹೊಡೆದು ಓಡಿಸಲಿಲ್ಲ. ಓಡಿಸಿದ್ದರೆ ಅವರನ್ನು ಶಪಿಸಿಕೊಂಡಾದರೂ ಇರಬಹುದಿತ್ತು. ಎಲ್ಲರೂ ಪ್ರೀತಿಯಿಂದಲೇ ಕಳಿಸಿದರು. ಅದೇ ಕಷ್ಟವಾದದ್ದು.

ಊರು ಬಿಟ್ಟು ಹೊರಡುವವರ ಬಲತೋಳಿಗೆ ಇಮಾಮ್ ಜಾಮೀನು ಕಟ್ಟುವುದು ಅವರಲ್ಲಿ ಹಳೆಯ ಪದ್ಧತಿ. ಹಸಿರು ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯವಿಟ್ಟು ಗಂಟು ಹಾಕುತ್ತಾರೆ. ದಾರಿಯಲ್ಲಿ ಕೇಡು ತಟ್ಟದಿರಲಿ ಎಂಬ ಹರಕೆ ಅದು. ತಲುಪಿದ ಮೇಲೆ ಬಿಚ್ಚಿ, ನಾಣ್ಯವನ್ನು ಬಡವರ ಕೈಗೆ ಹಾಕಿಬಿಡುವುದು. ದೊಡ್ಡಮ್ಮ ಅದನ್ನು ಕಟ್ಟುವಾಗ ಅತ್ತಳು. ಅತ್ತೆ ಕಟ್ಟುವಾಗ ಹಣೆಗೆ ಮುತ್ತಿಟ್ಟಳು. ಬನವಾಸಿಯವರು ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು ಕಟ್ಟಿದರು. ಹೋಗುವ ಮನೆಗೆಂದು ಪ್ರತಿಸಲವೂ ಅವಳ ಕೈಯಲ್ಲೊಂದು ಸಿಹಿಯ ಪೊಟ್ಟಣ. "ನಾಲ್ಕು ದಿನ ಇದ್ದು ಬಾ ಮಗಳೇ" ಎಂಬ ಮಾತು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಕೊನೆಗೆ ಜಮಾತಿನ ಹಿರಿಯರು ಅವಳನ್ನು ಸಿರ್ಸಿಗೆ ತಂದು ರಹಿಮತ್ಬಿಯ ಜಗಲಿಯಲ್ಲಿ ಬಿಟ್ಟರು. ರಹಿಮತ್ಬಿ ಮಕ್ಕಳಿಲ್ಲದ ವಿಧವೆ. ದೊಡ್ಡ ಕೈ, ದೊಡ್ಡ ಗಂಟಲು. ಅವಳು ಹಿತ್ತಿಲಲ್ಲಿ ಬೈದರೆ ಬೀದಿಯ ಬೆಕ್ಕು ಅಡಗುತ್ತಿತ್ತು. ತಮ್ಮ ಮಕ್ಬೂಲನದು ಸಿರ್ಸಿ–ಸಿದ್ದಾಪುರದ ನಡುವೆ ಜನರನ್ನು ಹೇರಿಕೊಂಡು ಓಡುವ ಒಂದು ಮೋಟಾರು ಬಸ್ಸು. ಆ ಮೋಟಾರಿನ ಆದಾಯದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕುವುದು ಆಕೆ ತಾನಾಗಿ ಹೊತ್ತ ಕೆಲಸ. ಆಗ ಮನೆಯಲ್ಲಿ ಇನ್ನಿಬ್ಬರಿದ್ದರು. ಹದಿನಾರರ ಹನೀಫ್ ಮೋಟಾರಿನ ಕ್ಲೀನರು. ಹದಿಮೂರರ ಶಾಕಿರಾ ಮಾತೇ ಆಡದ ಹುಡುಗಿ. ಮಕ್ಕಳೆಲ್ಲ ರಹಿಮತ್ಬಿಯನ್ನು ಖಾಲಾ ಎನ್ನುತ್ತಿದ್ದರು, ಮಕ್ಬೂಲನನ್ನು ಮಾಮು ಎನ್ನುತ್ತಿದ್ದರು.

ಸಕೀನಾ ತನ್ನ ಬಟ್ಟೆಯ ಗಂಟನ್ನು ಬಿಚ್ಚಲಿಲ್ಲ. ಉಡಲು ಬೇಕಾದ್ದನ್ನು ಎಳೆದುಕೊಂಡು, ಒಗೆದು ಒಣಗಿದ್ದನ್ನು ಮತ್ತೆ ಅದರಲ್ಲೇ ತುರುಕಿ ಕಟ್ಟುತ್ತಿದ್ದಳು. ಮೊದಲ ತಿಂಗಳಲ್ಲಿ ಕಂದೀಲಿನ ಗಾಜು ಒಡೆದಳು. ಕೈತಪ್ಪಿ ಅಲ್ಲ, ನೋಡಿ, ಎತ್ತಿ, ಒಡೆದಳು. ಆಮೇಲೆ ಉಪ್ಪಿನಕಾಯಿ ಭರಣಿ. ಹೇಗೂ ಕಳಿಸುವವರು, ಬೇಗ ಕಳಿಸಲಿ, ಮನಸ್ಸು ಅಂಟಿಕೊಳ್ಳುವ ಮೊದಲೇ ಕಳಿಸಲಿ ಎಂಬುದು ಅವಳ ಲೆಕ್ಕಾಚಾರ. ರಹಿಮತ್ಬಿ ಓಣಿಗೆಲ್ಲ ಕೇಳುವಂತೆ ಬೈದಳು, ಚೂರು ಗುಡಿಸಿದಳು, ಆಮೇಲೆ "ಉಣ್ಣೋಕೆ ಬಾ" ಎಂದಳು. ಬೈದು ಹೊರಗೆ ಹಾಕುವವರ ರೀತಿ ಸಕೀನಾಳಿಗೆ ಗೊತ್ತಿತ್ತು. ಬೈದು ಬಡಿಸುವವರ ರೀತಿ ಗೊತ್ತಿರಲಿಲ್ಲ. ಅವಳಿಗೆ ಇನ್ನಷ್ಟು ದಿಗಿಲಾಯಿತು.

ಹನೀಫನಿಗೆ ಮಾತ್ರ ಎಲ್ಲ ತಿಳಿದಿತ್ತು. ಒಂದು ದಿನ ಮೋಟಾರಿನ ಚಕ್ರ ತೊಳೆಯುತ್ತ ಹೇಳಿದ: "ನೀನು ಒಡೀತೀಯ. ನಾನು ಬಂದ ಹೊಸದ್ರಲ್ಲಿ ಕದೀತಿದ್ದೆ. ಖಾಲಾ ಕಣ್ಣಿಗೆ ಹಚ್ಚೋ ಸುರ್ಮಾದ ಬೆಳ್ಳಿ ಡಬ್ಬೀನೂ ಕದ್ದೆ. ಏನ್ ಮಾಡಿದ್ರೂ ಹೊರಗೆ ಹಾಕ್ಲಿಲ್ಲ ಮಾರಾಯ್ತಿ. ಬೇಜಾರಾಗಿ ಕದಿಯೋದೇ ಬಿಟ್ಟೆ."

"ನಿನ್ನ ಕತೆ ಯಾರು ಕೇಳಿದ್ರು?" ಎಂದು ಅವಳು ಬಕೆಟ್ಟಿಗೆ ಒದ್ದು ಹೋದಳು. ಆ ಇಬ್ಬರದು ಹಾವು ಮುಂಗುಸಿಯ ಸ್ನೇಹ. ಬಾಯಿ ಬಿಟ್ಟರೆ ಜಗಳ, ಆದರೆ ಅವನು ಮೋಟಾರಿನಿಂದ ಬರುವುದು ತಡವಾದರೆ ಬೀದಿಯ ತುದಿಗೆ ಮೊದಲು ಹೋಗಿ ನಿಲ್ಲುವವಳು ಅವಳೇ.

ಶಾಕಿರಾಳ ವಿಷಯ ಬೇರೆ. ಅವಳು ದಾರಿಹೋಕರು ತಂಗುವ ಯಲ್ಲಾಪುರದ ಮುಸಾಫಿರಖಾನೆಯಲ್ಲಿ ಒಬ್ಬಳೇ ಸಿಕ್ಕವಳು. ಕುಡಿಯಲು ನೀರು ತರುತ್ತೇನೆಂದು ಹೋದ ತಾಯಿ ತಿರುಗಿ ಬರಲಿಲ್ಲ. ಬದುಕಿದ್ದಾಳೋ ಸತ್ತಳೋ ಯಾರಿಗೂ ತಿಳಿಯದು. ಮನೆಯಲ್ಲಿ ಯಾರೇ ಚಪ್ಪಲಿ ಮೆಟ್ಟಿದರೂ ಈ ಹುಡುಗಿಯ ಮುಖ ಬಿಳಿಚುತ್ತಿತ್ತು. ದಿಂಬಿನ ಕೆಳಗೆ ರೊಟ್ಟಿ ಬಚ್ಚಿಟ್ಟು ಬೂಸಲು ಬರಿಸುತ್ತಿದ್ದಳು. ಆದರೆ ಓದು ಕಲಿಸಲು ಬರುವ ಉಸ್ತಾನಿಯ ಮುಂದೆ ಕುರ್‌ಆನ್ ಬಿಚ್ಚಿ ಕೂತರೆ ಆ ಮೂಕಿಯ ಗಂಟಲಿನಿಂದ ತೆಳುವಾದ, ನಡುಗದ ಒಂದು ದನಿ ಬರುತ್ತಿತ್ತು. ಕೇಳಿದವರು ಕೈಕೆಲಸ ನಿಲ್ಲಿಸುತ್ತಿದ್ದರು.

ಈ ಶಾಕಿರಾ ಅದ್ಯಾವ ಗಳಿಗೆಯಲ್ಲೋ ಸಕೀನಾಳನ್ನು ಹಿಡಿದುಕೊಂಡಳು. ಹಿಡಿದುಕೊಂಡಳು ಎಂದರೆ ಹಿಡಿದುಕೊಂಡೇಬಿಟ್ಟಳು. ಸಕೀನಾಳ ಓಢಣಿಯ ತುದಿ ಸದಾ ಅವಳ ಮುಷ್ಟಿಯಲ್ಲಿ. ಬಾವಿಗೆ ಹೋದರೆ ಬಾವಿಗೆ, ಬೀದಿಯ ತುದಿಗೆ ಹೋದರೆ ಬೀದಿಯ ತುದಿಗೆ. "ಬಿಡೇ, ಬಾಲವೇ ನೀನು ನಂದು?" ಎಂದು ಸಕೀನಾ ಕೊಸರಿಕೊಳ್ಳುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ಶಾಕಿರಾ ಜ್ವರದಿಂದ ಮಲಗಿದ್ದಾಗ, ಬಾವಿಯಿಂದ ಬರುತ್ತಿದ್ದ ಸಕೀನಾಳಿಗೆ ಹಿಂದಿನಿಂದ ಯಾರೂ ಎಳೆಯುತ್ತಿಲ್ಲವಲ್ಲ ಎಂದು ಎದೆ ಖಾಲಿಯಾಯಿತು. ಬೇಡ ಬೇಡವೆಂದರೂ ಪ್ರೀತಿ ಹುಟ್ಟಿಬಿಟ್ಟಿತ್ತು. ಇನ್ನು ಇಲ್ಲಿಂದ ಕಳಿಸಿದರೆ ತನ್ನ ಕೈಯಲ್ಲಿ ತಡೆಯಲಾಗುವುದಿಲ್ಲ ಎಂದು ಅವಳಿಗೆ ಆವತ್ತೇ ಗೊತ್ತಾಯಿತು. ಅಂದಿನಿಂದ ಅವಳ ಕಾಲು ಇನ್ನೂ ಹೆಚ್ಚು ಅಲ್ಲಾಡಿತು.

ಬ್ರಿಟಿಷ್ ಸರ್ಕಾರಕ್ಕೆ ಕರ ಕೊಡದೆ ಜೈಲಿಗೆ ಹೋದ ಸಿದ್ದಾಪುರದ ಕಡೆಯ ರೈತರು ಬಿಡುಗಡೆಯಾಗಿ ಬಂದ ಮರುವರ್ಷ, ಗದ್ದೆಗಳಲ್ಲಿ ತೆನೆ ಬಾಗುವ ಹೊತ್ತು. ಒಂದು ಬೆಳಿಗ್ಗೆ ರಹಿಮತ್ಬಿ ಕರೆದಳು: "ಸಕೀನಾ, ಹೊಸ ಕುರ್ತಾ ಹಾಕ್ಕೊಂಡು ಬಾ. ತಲೆ ಬಾಚ್ತೀನಿ."

ಸಕೀನಾಳ ಕಣ್ಣು ಹಿತ್ತಿಲ ಬಾಗಿಲಿನ ಚಿಲಕದ ಕಡೆ ಹೋಯಿತು. ರಹಿಮತ್ಬಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಳು. ಆಮೇಲೆ ಮಡಿಲಿನಿಂದ ಹಸಿರು ಬಟ್ಟೆಯ ತುಂಡು ತೆಗೆದಳು.

"ಬಲಗೈ ಕೊಡು ಬೇಟಾ."

ರಹಿಮತ್ಬಿಗೆ ಮೋಟಾರೆಂದರೆ ಭಯ. ತಮ್ಮನದೇ ಮೋಟಾರಾದರೂ ಅದನ್ನು ಹತ್ತುವವರ ತೋಳಿಗೆ ಗಂಟು ಬೀಳದೆ ಆಕೆಗೆ ನೆಮ್ಮದಿಯಿಲ್ಲ. ಹನೀಫನಿಗೆ ದಿನವೂ ಕಟ್ಟುತ್ತ ಕೂತರೆ ಹಸಿರು ಬಟ್ಟೆಯ ಥಾನೇ ತರಿಸಬೇಕಾದೀತೆಂದು ಕೊರಳಿಗೊಂದು ತಾಯಿತ ಹಾಕಿ ಮುಗಿಸಿದ್ದಳು. ಇದೆಲ್ಲ ಸಕೀನಾಳಿಗೆ ಹೇಗೆ ತಿಳಿಯಬೇಕು? ಅವಳು ಬಂದ ಮೇಲೆ ಆ ಮನೆಯ ಹೆಣ್ಣುಮಕ್ಕಳು ಯಾರೂ ಊರು ದಾಟಿರಲಿಲ್ಲ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಹೆದರಿಕೆ. ಅವಳು ಕಂಡದ್ದು ಗಂಟನ್ನು ಮಾತ್ರ.

"ಸಿದ್ದಾಪುರದಲ್ಲಿ ಖುರ್ಷಿದ್‌ಬೀ ಮನೆಗೆ ಹೋಗಿ ಬಾ. ನನ್ನ ಅಕ್ಕ. ಮಾಮು ಕರ್ಕೊಂಡು ಹೋಗ್ತಾನೆ, ಹೋಗೋದು ಯಾಕೆ ಅಂತ ದಾರೀಲಿ ಅವನೇ ಹೇಳ್ತಾನೆ. ಸಂಜೀಗೆ ವಾಪಸ್ಸು" ಎಂದ ರಹಿಮತ್ಬಿ ಕೈಗೊಂದು ಪೊಟ್ಟಣ ಕೊಟ್ಟಳು. ಕಲ್ಲುಸಕ್ಕರೆ, ಏಲಕ್ಕಿ.

"ನನ್ನ ಬಟ್ಟೆ ಗಂಟು?" ಎಂದಳು ಸಕೀನಾ. ಸಂಜೆಗೆ ವಾಪಸ್ಸು ಎಂಬುದೂ ಅವಳಿಗೆ ಆ ನಾಲ್ಕು ದಿನದಂಥದೇ ಮಾತು.

"ಅದ್ಯಾಕೆ? ಇಲ್ಲೇ ಇರ್ಲಿ."

ಬಟ್ಟೆಯನ್ನೂ ಇಟ್ಟುಕೊಂಡರು ಎಂದುಕೊಂಡಳು ಸಕೀನಾ. ಉಳಿದ ಮೂರು ಮನೆಯವರು ಅದನ್ನಾದರೂ ಕೊಟ್ಟಿದ್ದರು.

ರಹಿಮತ್ಬಿ ಕಾರಣವನ್ನು ಬಾಯಿಬಿಟ್ಟು ಹೇಳದ್ದಕ್ಕೂ ಕಾರಣವಿತ್ತು. ಅಡುಗೆಮನೆಯ ಬಾಗಿಲಲ್ಲಿ ಶಾಕಿರಾ ನಿಂತಿದ್ದಳು. ವಿಷಯ ಅವಳಿಗೆ ಸಂಬಂಧಿಸಿದ್ದು, ಅವಳ ಕಿವಿಗೆ ಬೀಳಬಾರದಿತ್ತು. ಒಬ್ಬಳ ದಿಗಿಲು ತಪ್ಪಿಸಲು ಹೋಗಿ ಇನ್ನೊಬ್ಬಳ ದಿಗಿಲು ಕಾಣದೇ ಹೋಯಿತು. ಒಳ್ಳೆಯವರು ಮಾಡುವ ತಪ್ಪು ಹೀಗೆಯೇ ಇರುತ್ತದೆ.

ಸಕೀನಾ ಜಗಲಿಗೆ ಬಂದಳು. ಹಿಂದೆಯೇ ಶಾಕಿರಾ. ಓಢಣಿಯ ತುದಿ ಮುಷ್ಟಿಯಲ್ಲಿ, ಕಣ್ಣು ಆ ಹಸಿರು ಗಂಟಿನ ಮೇಲೆ.

"ಎಲ್ಲಿಗೆ?" ಎಂದಳು. ವಾರಕ್ಕೊಂದು ಮಾತಾಡುವ ಹುಡುಗಿ ಆ ವಾರದ ಮಾತನ್ನು ಅದಕ್ಕೇ ಖರ್ಚು ಮಾಡಿದಳು.

ಇವಳು ಅತ್ತರೆ ನಾನು ಹೋಗಲಾರೆ, ಇಲ್ಲೇ ಬಿದ್ದು ಹೊರಳಾಡಿಬಿಡುತ್ತೇನೆ, ಇವರೆಲ್ಲರ ಮುಂದೆ ಇಟ್ಟುಕೊಳ್ಳಿ ಎಂದು ಬೇಡಿಬಿಡುತ್ತೇನೆ ಎಂದು ಸಕೀನಾಳಿಗೆ ಅನ್ನಿಸಿತು. ಬೇಡಲು ಅವಳು ತಯಾರಿರಲಿಲ್ಲ. ದೊಡ್ಡಮ್ಮನ ಮುಂದೆ ಒಮ್ಮೆ ಬೇಡಿದ್ದಳು, ಸಾಕಾಗಿತ್ತು. ಬಳ್ಳಿಯನ್ನು ಕಿತ್ತೇ ಹೋಗಬೇಕು. ಅವಳು ಓಢಣಿಯನ್ನು ಜಗ್ಗಿ ಎಳೆದಳು.

"ಬಿಡು. ನೀನು ಯಾರೇ ನಂಗೆ? ಯಾವಾಗ ನೋಡಿದ್ರೂ ಜೋತು ಬೀಳ್ತೀಯ. ನಿಮ್ಮಮ್ಮನೂ ಇದಕ್ಕೇ ಸಾಕಾಗಿ ಬಿಟ್ಟು ಹೋದದ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಾಕಿರಾ ಅಳಲಿಲ್ಲ. ಮುಷ್ಟಿ ಬಿಚ್ಚಿತು, ಓಢಣಿ ಜಾರಿತು. ಅವಳು ತನ್ನ ಖಾಲಿ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಸಕೀನಾ ತಿರುಗಿ ನೋಡದೆ ಮೋಟಾರು ಹತ್ತಿದಳು.

ಮಕ್ಬೂಲ್ ಮೊದಲೇ ಮಿತಭಾಷಿ. ಅಂದು ಮುಂದಿನ ಸೀಟಿನಲ್ಲಿ ಅವನ ಪಕ್ಕ ಕಾಡಿನ ಗುತ್ತಿಗೆದಾರನೊಬ್ಬ ಕೂತು ಸಿರ್ಸಿಯ ಗಡಿ ದಾಟುವ ಮೊದಲೇ ಶುರುಮಾಡಿದ ಮಾತು ನಿಲ್ಲಿಸಲೇ ಇಲ್ಲ. ಅಕ್ಕ ಒಪ್ಪಿಸಿದ ವಿಷಯ ಮಕ್ಬೂಲನ ಬಾಯಿಗೆ ಬರಲೇ ಇಲ್ಲ. ಸಿದ್ದಾಪುರದಲ್ಲಿ ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡಿರಬೇಕು. ಹನೀಫ್ ಪಾವಟಿಗೆಯ ಮೇಲೆ ಜೋತುಬಿದ್ದು, ಕಿಟಕಿಯಿಂದ ತಲೆ ತೂರಿಸಿ ಹಲ್ಲು ಕಿರಿದ.

"ಏನಮ್ಮಾ, ದೊಡ್ಡ ಮನುಷ್ಯಳಾಗಿಬಿಟ್ಟೆ ಇವತ್ತು! ಅಲ್ಲಿ ಹೋಗಿ ನಮ್ಮನ್ನೆಲ್ಲ ಮರೀಬೇಡ."

ಅವನದು ತಮಾಷೆ. ಅವಳಿಗೆ ಅದು ಕೊನೆಯ ಮೊಳೆ. ಇವನಿಗೂ ಗೊತ್ತು, ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಹೇಳಿಲ್ಲ. ಅವಳ ಮೊಣಕಾಲು ಮುಂದಿನ ಸೀಟಿಗೆ ಬಡಿಯುತ್ತಲೇ ಇತ್ತು. ಪಕ್ಕದ ಮುದುಕಿ "ಚಳಿಯಾ ತಂಗಿ?" ಎಂದು ಕೇಳಿದಳು. ಬಿಸಿಲು ಸುಡುತ್ತಿತ್ತು.

ಕೋಲಸಿರ್ಸಿ ಬಂದಾಗ ಮೋಟಾರಿನ ಮೂತಿಯಿಂದ ಹಬೆ ಎದ್ದಿತು. ಮಕ್ಬೂಲ್ ನಿಲ್ಲಿಸಿದ. ಹನೀಫ್ ಡಬ್ಬಿ ಹಿಡಿದು ಹಳ್ಳಕ್ಕೆ ಇಳಿದ. ಗಂಡಸರು ಬೀಡಿ ಹಚ್ಚಿದರು. ಸಕೀನಾ ಸದ್ದಿಲ್ಲದೆ ಹಿಂದಿನಿಂದ ಇಳಿದು, ಏರಿ ದಾಟಿ, ಗದ್ದೆಯ ಹಾಳಿಯ ಮೇಲೆ, ಆ ಕಿರಿದಾದ ಬದುವಿನ ಮೇಲೆ, ಓಡತೊಡಗಿದಳು. ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಬ್ಬರು ಒಪ್ಪಿಸಿ ಇನ್ನೊಬ್ಬರು ವಹಿಸಿಕೊಳ್ಳುವ ಆ ಹೊತ್ತನ್ನು ಮತ್ತೊಂದು ಸಲ ನೋಡಲಾರಳು, ಅಷ್ಟೇ. ಹಾಳಿಯಿಂದ ಕಾಲು ಜಾರಿ ಕೆಸರಿಗೆ ಬಿದ್ದಳು, ಎದ್ದಳು, ಮತ್ತೆ ಓಡಿದಳು.

"ಎಂತಾ ಆತೇ ಹುಡುಗಿ? ಹಾವು ಗೀವು ಕಂಡ್ಯನೇ?"

ಗದ್ದೆಯ ನಡುವೆ, ನಾಲ್ಕು ಗಳು ನೆಟ್ಟು ಹುಲ್ಲು ಹೊದಿಸಿದ ಮಾಳದ ನೆರಳಲ್ಲಿ ಒಬ್ಬ ಹೆಂಗಸು ಗಿಳಿ ಓಡಿಸುತ್ತ ಕೂತಿದ್ದಳು. ಹೆಸರು ಚೌಡಮ್ಮ. ಪಕ್ಕದಲ್ಲಿ ತಗಡಿನ ಡಬ್ಬ, ಬಡಿಯಲು ಕೋಲು. ಅವಳು ಸಕೀನಾಳನ್ನು ಕೂರಿಸಿ, ತಂಬಿಗೆಯಲ್ಲಿ ನೀರು ಕೊಟ್ಟಳು. ಸಕೀನಾಳಿಗೆ ಏದುಸಿರು. ಕೈಯಲ್ಲಿ ಪೊಟ್ಟಣ ಇನ್ನೂ ಇರುವುದು ಆಗ ಕಂಡಿತು. ಸಿಟ್ಟು ನೆತ್ತಿಗೇರಿತು. ನನ್ನನ್ನು ಕೊಟ್ಟು ಬರಲು ಕಟ್ಟಿದ ಸಕ್ಕರೆ, ನಾನೇ ತಿಂದು ಹಾಕುತ್ತೇನೆ ಎಂದು ಪೊಟ್ಟಣ ಹರಿದು ಕಲ್ಲುಸಕ್ಕರೆಯನ್ನು ಕಟಕಟ ಕಡಿಯತೊಡಗಿದಳು. ಚೌಡಮ್ಮನಿಗೂ ಒಂದು ಹಿಡಿ ಕೊಟ್ಟಳು.

"ಕೈಗೆ ಇದೆಂತದೇ ಗಂಟು?"

"ನಮ್ಮಲ್ಲಿ ಮಕ್ಕಳನ್ನ ಬಿಡೋಕೆ ಹೋಗುವಾಗ ಕಟ್ತಾರೆ."

ಆಮೇಲೆ ಅದು ಹೇಗೋ ಎಲ್ಲ ಬಾಯಿಗೆ ಬಂತು. ಗುರುತಿಲ್ಲದವರ ಮುಂದೆ ಹೇಳುವುದು ಸುಲಭ. ಯಲ್ಲಾಪುರ, ಮುಂಡಗೋಡು, ಬನವಾಸಿ, ಕೊನೆಗೆ ಬೆಳಿಗ್ಗೆ ಶಾಕಿರಾಳಿಗೆ ಆಡಿದ ಮಾತು. ಅಲ್ಲಿಗೆ ಬಂದಾಗ ಅವಳ ದನಿ ಒಡೆಯಿತು.

ಚೌಡಮ್ಮ ಡಬ್ಬ ಬಡಿದು ಗಿಳಿಗಳನ್ನು ಎಬ್ಬಿಸಿದಳು. ಆಮೇಲೆ ಹೇಳಿದಳು: "ನಾನೂ ನಮ್ಮನೆಯವರೂ ಕರ ಕೊಡೂದಿಲ್ಲ ಅಂತ ಜೈಲಿಗೆ ಹೋದವ್ರು. ಮಗ ಸೋಮನ್ನ ನೆಂಟರ ಮನೇಲಿ ಬಿಟ್ಟಿದ್ದೆ. ಅಳ್ತಾನೆ ಅಂತ, ಹೇಳ್ದೇ ಕೇಳ್ದೇ, ಅವ ಮಲಗಿದ್ದಾಗ ಬಿಟ್ಟು ಹೋದೆ. ಒಳ್ಳೇದಕ್ಕೇ ಅಂತ ಮಾಡಿದ್ದು ಕಾಣು. ಈಗ ನಾ ಗದ್ದೆಗೆ ಹೊರಟ್ರೆ ಹಿಂದೇ ಬತ್ತಾನೆ, ಹತ್ರ ಮಾತ್ರ ಬರೂದಿಲ್ಲ. ಅವ್ವ ಅನ್ನೂದಿಲ್ಲ. ಊರಿನವ್ರು ನಂಗೆ ಹಾರ ಹಾಕಿದ್ರು. ಹಾರ ಎಂತಕ್ಕೆ ಬೇಕು ಹೇಳು?"

ಸಕೀನಾ ಬಾಯಲ್ಲಿದ್ದ ಸಕ್ಕರೆಯನ್ನು ಕಡಿಯುವುದು ನಿಲ್ಲಿಸಿದಳು.

ಅಷ್ಟರಲ್ಲಿ ಹಾಳಿಯ ಮೇಲೆ ಹನೀಫ್ ಬಂದ. ಪ್ರಯಾಣಿಕರು ಗಲಾಟೆ ಮಾಡಿದ್ದರಿಂದ ಮೋಟಾರು ಮುಂದೆ ಹೋಗಿತ್ತು. ಹುಡುಕಲು ಅವನೊಬ್ಬ ಇಳಿದಿದ್ದ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಎದುರು ಬಂದವನೇ ಕೂಗಿದ: "ತಲೆ ಕೆಟ್ಟಿದ್ಯಾ ನಿಂಗೆ? ಹಳ್ಳದಲ್ಲಿ ಬಿದ್ದು ಸತ್ತೆ ಅಂತ ಇಡೀ ಹಳ್ಳ ಹುಡುಕಿದೆ!"

"ಸಾಯ್ತೀನಿ, ನಿಂಗೇನು? ನಿಮ್ಮ ಖುರ್ಷಿದ್‌ಬೀ ಮನೇಲಿ ಕೆಲಸಕ್ಕೆ ಇರೋದಿಲ್ಲ ನಾನು."

"ಕೆಲಸಕ್ಕಾ? ಯಾರು ಹೇಳಿದ್ದು? ಶಾಕಿರಾ ಕುರ್‌ಆನ್ ಓದಿ ಮುಗಿಸಿದ್ದಾಳೆ, ಶುಕ್ರವಾರ ಅವಳ ಆಮೀನು. ನೆಂಟರನ್ನ ಕರೀಬೇಕು. ಮಕ್ಬೂಲ್ ಮಾಮು ಕರೆದ್ರೆ ನಡೀತದಾ? ಅವರ ಮನೆತನದಲ್ಲಿ ಕಲ್ಲುಸಕ್ಕರೆ ಹಿಡ್ಕೊಂಡು ಮನೆ ಮಗಳೇ ಹೋಗಿ ಕರೀಬೇಕು. ಖಾಲಾ ಎಂಟು ದಿನದಿಂದ ಯೋಚನೆ ಮಾಡಿ ನಿನ್ನ ಕಳಿಸಿದ್ಲು. ಜನರ ಮುಂದೆ ಓದ್ಬೇಕು ಅಂತ ಶಾಕಿರಾಗೆ ಮೊದಲೇ ಗೊತ್ತಾದ್ರೆ ಹೆದರ್ತಾಳೆ ಅಂತ ಬಾಯಿ ಮುಚ್ಕೊಂಡಿದ್ದು!"

ಆಮೀನು ಎಂದರೆ ಮಗು ಮೊದಲ ಸಲ ಓದಿ ಮುಗಿಸಿದ ಸಂತೋಷಕ್ಕೆ ಹಿರಿಯರನ್ನು ಕೂರಿಸಿ, ಅವರ ಮುಂದೆ ಕೊನೆಯ ಅಧ್ಯಾಯಗಳನ್ನು ಓದಿಸಿ, ಎಲ್ಲರೂ ಆಮೀನ್ ಎನ್ನುವುದು. ಸಕೀನಾಳಿಗೆ ಅದು ಗೊತ್ತಿತ್ತು. ಮನೆ ಮಗಳು ಎಂಬ ಮಾತು ಮಾತ್ರ ಕಿವಿಯೊಳಗೆ ಹೋಗಿ ಎಲ್ಲಿ ಕೂರಬೇಕೆಂದು ತಿಳಿಯದೆ ತಿರುಗಾಡಿತು. ಅದು ಕೂತ ಗಳಿಗೆಯಲ್ಲಿ, ಸಂತೋಷವಾಗುವ ಬದಲು, ಅವಳಿಗೆ ಶಾಕಿರಾಳ ಖಾಲಿ ಅಂಗೈ ಕಂಡಿತು. ಅಯ್ಯೋ ಎಂದು ಬಾಯಿಬಿಟ್ಟೇ ಅಂದಳು.

"ಮನೆಗೆ ಹೋಗ್ಬೇಕು. ಈಗ್ಲೇ ಹೋಗ್ಬೇಕು ಹನೀಫ್."

"ಮೋಟಾರು ಬರೋದು ಮಧ್ಯಾಹ್ನದ ಮೇಲೆ. ನಡ್ಕೊಂಡು ಹೋದ್ರೆ ಸಿರ್ಸಿಗೆ ರಾತ್ರಿ ಆಗ್ತದೆ. ಮೊದ್ಲು ಕರೆಯೋ ಕೆಲಸ ಮುಗಿಸು. ಸಕ್ಕರೆ ಎಲ್ಲಿ?"

ಸಕೀನಾ ಪೊಟ್ಟಣ ತೋರಿಸಿದಳು. ಅರ್ಧವೂ ಉಳಿದಿರಲಿಲ್ಲ. ಚೌಡಮ್ಮ ತನ್ನ ಪಾಲಿನದನ್ನು ಸೆರಗಿನಿಂದ ಬಿಚ್ಚಿ ವಾಪಸ್ಸು ಹಾಕಿದಳು. ಸೋಮನಿಗೆಂದು ಇಟ್ಟುಕೊಂಡಿದ್ದಳಂತೆ. ಸಕೀನಾ ಅದರಲ್ಲಿ ದೊಡ್ಡ ಎರಡು ಹರಳನ್ನು ಆರಿಸಿ ಮತ್ತೆ ಅವಳ ಕೈಗೇ ಕೊಟ್ಟಳು.

ಇಬ್ಬರೂ ನಡೆದು ಸಿದ್ದಾಪುರ ತಲುಪಿದಾಗ ಖುರ್ಷಿದ್‌ಬೀ ಬಾಗಿಲಲ್ಲೇ ಕಾಯುತ್ತಿದ್ದಳು. ಮಕ್ಬೂಲ್ ಮುಖ ಬಾಡಿಸಿಕೊಂಡು ಜಗಲಿಯಲ್ಲಿ ಶತಪಥ ತುಳಿಯುತ್ತಿದ್ದ. ಮೊಣಕಾಲಿನವರೆಗೆ ಕೆಸರು, ಕೆದರಿದ ಜಡೆ, ಕೈಯಲ್ಲಿ ಹರಿದ ಪೊಟ್ಟಣ. ಹೀಗೆ ಬಂದು ನಿಂತ ಹುಡುಗಿಯನ್ನು ಮುದುಕಿ ಮೇಲಿಂದ ಕೆಳಗೆ ನೋಡಿದಳು.

"ನಮ್ಮ... ನಮ್ಮನೆ ಶಾಕಿರಾಳ ಆಮೀನು. ಶುಕ್ರವಾರ. ನೀವು ಬರ್ಬೇಕು" ಎಂದಳು ಸಕೀನಾ. ನಮ್ಮನೆ ಎನ್ನುವಾಗ ನಾಲಿಗೆ ತಡವರಿಸಿತು.

"ದಾರೀಲಿ ಇಲಿ ಸಿಕ್ಕಿತ್ತಾ ಪೊಟ್ಟಣಕ್ಕೆ?" ಎಂದು ಖುರ್ಷಿದ್‌ಬೀ ನಕ್ಕಳು. ಆಮೇಲೆ ಅವಳೇ ಕೂತು ಹುಡುಗಿಯ ಕಾಲು ತೊಳೆಸಿದಳು. ಸಕೀನಾ ಉಣ್ಣಲು ಕೂತರೂ ತುತ್ತು ಇಳಿಯಲಿಲ್ಲ. ಬಾಗಿಲು, ರಸ್ತೆ, ಬಾಗಿಲು, ರಸ್ತೆ ಎಂದು ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಮನೆಯಿಂದ ದೂರ ಓಡಲಲ್ಲ, ಒಂದು ಮನೆಗೆ ಓಡಲು ಅವಳ ಕಾಲು ಚಡಪಡಿಸಿತು.

ಸಂಜೆ ಮೋಟಾರು ಪೂರ್ತಿ ನಿಲ್ಲುವ ಮೊದಲೇ ಅವಳು ಹಾರಿದಳು. ಶಾಕಿರಾ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬೆಳಿಗ್ಗೆಯಿಂದ ಹೀಗೇ, ನೀರೂ ಮುಟ್ಟಿಲ್ಲ, ಏನಾಯಿತೆಂದು ಹೇಳುವುದೂ ಇಲ್ಲ ಎಂದು ರಹಿಮತ್ಬಿ ಕಂಗಾಲಾಗಿದ್ದಳು. ಸಕೀನಾ ರಹಿಮತ್ಬಿಯ ಮುಂದೆ ಎಲ್ಲವನ್ನೂ ಹೇಳಿದಳು, ಆ ಮಾತನ್ನು ಸಹ. ರಹಿಮತ್ಬಿಯ ಕೈ ಹೊಡೆಯಲು ಎದ್ದಿತು. ಎದ್ದ ಕೈ ಅವಳ ಕಣ್ಣು ಆ ಹಸಿರು ಗಂಟಿನ ಮೇಲೆ ಬಿದ್ದಾಗ ಕೆಳಗಿಳಿಯಿತು.

"ನಾನು ಕುರುಡಿ" ಎಂದಳು ರಹಿಮತ್ಬಿ. ತೋಳಿನ ಗಂಟನ್ನು ತಾನೇ ಬಿಚ್ಚಿ, ಆ ನಾಣ್ಯವನ್ನು ಬೀದಿಯ ಫಕೀರನಿಗೆ ಕೊಡಲು ಹನೀಫನನ್ನು ಓಡಿಸಿದಳು.

ಸಕೀನಾ ಶಾಕಿರಾಳ ಬಳಿ ಹೋಗಿ ತಪ್ಪಾಯಿತು ಎಂದಳು. ಸುಳ್ಳು ಹೇಳಿದೆ, ನಿಮ್ಮಮ್ಮ ಯಾಕೆ ಬರಲಿಲ್ಲವೋ ನನಗೆ ಗೊತ್ತಿಲ್ಲ ಎಂದಳು. ಓಢಣಿಯ ತುದಿಯನ್ನು ತಾನಾಗಿ ಅವಳ ಕೈಗಿಟ್ಟಳು. ಶಾಕಿರಾ ಅದನ್ನು ಹಿಡಿಯಲೂ ಇಲ್ಲ, ಎಸೆಯಲೂ ಇಲ್ಲ. ಅದು ಅವಳ ಮಡಿಲಲ್ಲಿ ಬಿದ್ದಿತ್ತು, ಅಷ್ಟೇ. ಮರುದಿನವೂ ಹಾಗೆಯೇ. ಉಸ್ತಾನಿ ಬಂದು ಪುಸ್ತಕ ಬಿಚ್ಚಿದರೆ ತುಟಿ ಅಲ್ಲಾಡಲಿಲ್ಲ.

ಕರೆದ ನೆಂಟರನ್ನು ಬರಬೇಡಿ ಎನ್ನಲಾಗುತ್ತದೆಯೇ? ಶುಕ್ರವಾರ ಬಂತು, ಹೆಂಗಸರು ಬಂದರು. ಜಮಖಾನೆ ತುಂಬಿತು, ಅತ್ತರಿನ ವಾಸನೆ, ಅಡುಗೆಮನೆಯಿಂದ ತುಪ್ಪದ ವಾಸನೆ. ಉಸ್ತಾನಿ ರೆಹಲು ಎಂಬ ಮರದ ಪುಟ್ಟ ಪೀಠದ ಮೇಲೆ ಕುರ್‌ಆನ್ ಇಟ್ಟು ಕೂತಳು. ಶಾಕಿರಾ ಒಳಕೋಣೆಯ ಪರದೆಯ ಹಿಂದಿನಿಂದ ಹೊರಬರಲಿಲ್ಲ. ರಹಿಮತ್ಬಿ ಎರಡು ಸಲ ಒಳಗೆ ಹೋಗಿ ಎರಡು ಸಲವೂ ಒಬ್ಬಳೇ ಬಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. "ದಿಕ್ಕಿಲ್ಲದ ಮಕ್ಕಳು ಅಂದ್ರೆ ಹೀಗೇ. ಎಷ್ಟು ಹಾಲು ಎರೆದ್ರೂ ಅಷ್ಟೇ" ಎಂದು ಒಬ್ಬಳು ಪಿಸುಗುಟ್ಟಿದ್ದು ಪಿಸುಮಾತಾಗಿರಲಿಲ್ಲ.

ಸಕೀನಾ ಬಡಿಸುವ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾಲು ತುರಿಸಿತು. ಬೀದಿ ಹತ್ತಿರವಿತ್ತು. ಹೋಗಿಬಿಟ್ಟರೆ ಯಾರೂ ತಡೆಯುತ್ತಿರಲಿಲ್ಲ. ಆದರೆ ಬನ್ನಿ ಎಂದು ಕರೆದವಳು ತಾನು. ಅವಳು ತಟ್ಟೆ ಕೆಳಗಿಟ್ಟು ಜಮಖಾನೆಯ ನಡುವೆ ಬಂದು ನಿಂತಳು.

"ಅವಳಿಗೆ ಓದೋಕೆ ಬರೋದಿಲ್ಲ ಅಂತ ಅಲ್ಲ. ಪೂರ್ತಿ ಓದಿದ್ದಾಳೆ, ಉಸ್ತಾನಿಯನ್ನ ಕೇಳಿ. ನಾನು ಅವಳಿಗೆ ಆಡಬಾರದ ಮಾತು ಆಡಿದೆ. ಬಿಟ್ಟು ಹೋಗೋದೇ ಅಂತಾದ್ರೆ ಬೈದು ಹೋದ್ರೆ ಸುಲಭ ಆಗ್ತದೆ ಅಂತ ಮಾಡಿದೆ. ತಪ್ಪು ನಂದು. ಅವಳನ್ನ ಏನೂ ಅನ್ಬೇಡಿ, ಖಾಲಾಗೂ ಏನೂ ಅನ್ಬೇಡಿ." ಉಸಿರು ಮುಗಿಯಿತು. ಇನ್ನೇನು ಹೇಳಬೇಕೆಂದು ತಿಳಿಯದೆ ಸೇರಿಸಿದಳು, "ಊಟ ಮಾಡ್ಕೊಂಡೇ ಹೋಗ್ಬೇಕು."

ಖುರ್ಷಿದ್‌ಬೀ ಮೊಣಕಾಲು ನೀವಿಕೊಂಡು, "ಹಾಗಾದ್ರೆ ಬಡಿಸಮ್ಮ ಮಗಳೇ, ಸಿದ್ದಾಪುರದಿಂದ ಹಸಿದು ಬಂದಿದ್ದೀನಿ. ಆಮೀನು ಇನ್ನೊಂದಿನ ಆಗ್ತದೆ" ಎಂದಳು. ಪಿಸುಗುಟ್ಟಿದವಳೇ ಎರಡನೆಯ ಸಲ ಬಿರಿಯಾನಿ ಹಾಕಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಸಕೀನಾ ಹಿತ್ತಿಲ ಕಟ್ಟೆಯ ಮೇಲೆ ಬಂದು ಕೂತಳು. ಮೈಯೆಲ್ಲ ಸೋತಿತ್ತು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಶಾಕಿರಾ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. ಅವಳ ಕಣ್ಣು ಎದುರಿನ ಬೇಲಿಯ ಮೇಲಿತ್ತು.

"ಹೋಗೋದಿದ್ರೆ ಹೇಳಿ ಹೋಗು" ಎಂದಳು ಕೊನೆಗೆ. "ಬೈದು ಹೋಗ್ಬೇಡ."

ಹೋಗುವುದಿಲ್ಲ ಎನ್ನಬೇಕೆಂದು ಸಕೀನಾಳ ಬಾಯಿಗೆ ಬಂತು. ಆದರೆ ಹಾಗೆಂದವರನ್ನೆಲ್ಲ ಅವಳು ನೋಡಿದ್ದಳು, ಶಾಕಿರಾಳೂ ನೋಡಿದ್ದಳು. ಆ ಮಾತಿಗೆ ಈ ಇಬ್ಬರ ನಡುವೆ ಬೆಲೆಯಿರಲಿಲ್ಲ.

"ಬೈಯೋದಿಲ್ಲ" ಎಂದಳು. "ಬಾವಿಗೆ ಹೋದ್ರೂ ಹೇಳಿ ಹೋಗ್ತೀನಿ."

ಶಾಕಿರಾ ಸ್ವಲ್ಪ ಈಚೆ ಸರಿದಳು, ಪೂರ್ತಿ ಹತ್ತಿರಕ್ಕಲ್ಲ. ನಡುವೆ ಒಂದು ಗೇಣು ಜಾಗ ಉಳಿಯಿತು. ಸಕೀನಾಳ ಕಾಲು ಜೋಮು ಹಿಡಿದಿತ್ತು, ಇರುವೆಯೊಂದು ಹಿಮ್ಮಡಿಯಿಂದ ಮೇಲೆ ಹತ್ತುತ್ತಿತ್ತು. ಒಳಗಿನಿಂದ ರಹಿಮತ್ಬಿ ಪಾತ್ರೆ ತೊಳೆಯಲು ಕೂಗಿದಳು. "ಬರ್ತೀನಿ ಖಾಲಾ, ಆಮೇಲೆ" ಎಂದು ಸಕೀನಾ ಉತ್ತರ ಕೊಟ್ಟು, ಕೂತಲ್ಲೇ ಕೂತಳು.